ಗೋಡೆ ತಿಂದ ಉದ್ದು

ಮಿಸ್ತ್ರಿ ರಾಮಧನಿಯವರು ಖಾಲಿ ಚೀಲವನ್ನು ಒಳಹೊರಗು ಮಾಡಿ ನನ್ನೆದುರೇ ಕೊಡವಿದರು. ಒಂದು ಕಾಳೂ ಉದುರಲಿಲ್ಲ. ಅದರಲ್ಲಿದ್ದ ಉದ್ದಿನಬೇಳೆಯನ್ನೆಲ್ಲ ನಮ್ಮ ಅಂಗಳದಲ್ಲೇ ನೆನೆಸಿ, ರುಬ್ಬಿ, ಬೆಲ್ಲದ ನೀರಿನ ಜೊತೆ ಸುಣ್ಣದ ಗುಂಡಿಗೆ ಸುರಿದಿದ್ದರು.

ಕಾಶಿಗೆ ಎದುರು ದಡದ ರಾಮನಗರದಾಚೆಯ ಹಳ್ಳಿಯಲ್ಲಿ ನಾವು ಕೊಂಡ ಹಳೆಯ ಮನೆಗೆ ಸಿಮೆಂಟು ಬೇಡ, ಎ.ಸಿ. ಇಲ್ಲದೆ ತಂಪಾಗಿರಲಿ, ಹಿಂದಿನವರ ಹಾಗೆಯೇ ಗಾರೆ ಮಾಡಿ ಎಂದು ಕೇಳಿಕೊಂಡವಳು ನಾನೇ. ಆದರೆ ಅವರು ಎರಡನೇ ಸಲ ಉದ್ದು ಕೇಳಿದಾಗ, ಹಿಂದಿನ ದಿನ, ಅವರ ಮುಂದೆಯೇ ಗಂಡನಿಗೆ ಕನ್ನಡದಲ್ಲಿ, “ಗೋಡೆಗಂತೆ ಉದ್ದು! ಇವರ ಮನೇಲಿ ದಿನಾ ವಡೆ ಆಗ್ತಿರಬೇಕು ನೋಡ್ರಿ,” ಎಂದು ನಕ್ಕಿದ್ದೆ. ಕಾಶಿಯ ಮಿಸ್ತ್ರಿಗೆ ಕನ್ನಡ ಎಲ್ಲಿ ತಿಳಿಯಬೇಕು ಎಂಬ ಧೈರ್ಯ. ಅಲ್ಲಿನ ಕೇದಾರ ಘಾಟಿನಲ್ಲಿ ನೆಲೆಸಿದ ನಮ್ಮಂಥ ಕನ್ನಡದವರ ಮನೆಗಳಿಗೆ ವರ್ಷಗಟ್ಟಲೆ ಸುಣ್ಣ ಬಳಿದವರಿಗೆ ಅರ್ಥವಾಗಲು ‘ವಡೆ’ ಎಂಬ ಒಂದು ಮಾತೂ ನನ್ನ ನಗುವೂ ಸಾಕಾಗಿದ್ದವು.

ಚೀಲವನ್ನು ಮಡಚಿ ನನ್ನ ಕೈಗಿಟ್ಟು ಹಿಂದಿಯಲ್ಲಿ ಮೆಲ್ಲಗೆ ಹೇಳಿದರು: “ಬಹೂಜೀ, ಈ ಗೋಡೆ ಕಟ್ಟಿದ್ದು ನನ್ನ ಬಾಬೂಜಿ. ಆಗಲೂ ಉದ್ದು ತಿಂದದ್ದು ಗೋಡೆಯೇ. ನಾವು ಉಪ್ಪು ರೊಟ್ಟಿ ತಿಂದೆವು.”

ಆ ಚೀಲವನ್ನು ಹಿಡಿದುಕೊಂಡು ನಾನು ಒಳಗೆ ಹೋದೆ.

ಗೃಹಪ್ರವೇಶದ ಊಟಕ್ಕೆ ರಾಮಧನಿಯವರೂ ಬಂದು ಪಂಕ್ತಿಯಲ್ಲಿ ಕೂತರು. ಯಾರ ಎಲೆಗೂ ವಡೆ ಬೀಳಲಿಲ್ಲ. ಶುಭದ ದಿನ ವಡೆಯಿಲ್ಲದ ಊಟವೇ ಎಂದು ಅತ್ತೆ ಎಲ್ಲರೆದುರು ಗದರಿದರು. ಉದ್ದೆಲ್ಲ ಗೋಡೆಗೆ ಹೋಯಿತು ಎಂದೆ, ಹಿಂದಿಯಲ್ಲಿ.