ಹಿಂದೆ ನೋಡುವ ಎತ್ತು

ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ಮನೆಯವರು ಎರಡು ಎತ್ತು ಮಾಡುತ್ತಿದ್ದರು. ಒಂದು ಮುಂದೆ ನೋಡುವುದು, ಇನ್ನೊಂದು ಕತ್ತು ತಿರುಗಿಸಿ ಹಿಂದೆ ನೋಡುವುದು. ಶಹಾಪುರದ ನಮ್ಮ ಓಣಿಯಲ್ಲಿ ಎಲ್ಲರ ಎತ್ತುಗಳೂ ನೆಟ್ಟಗೆ ನಿಂತಿರುತ್ತಿದ್ದವು. ನಮ್ಮದೊಂದೇ ಹಾಗೆ.

"ಅದ್ಯಾಕ ಹಿಂದ ನೋಡಾಕತ್ತದ?" ಅಂದರೆ, "ನೀ ಬರ್ತಿಯೋ ಇಲ್ಲೋ ಅಂತ" ಅನ್ನುತ್ತಿದ್ದರು. ದಾರಿಯಲ್ಲಿ ನಾನು ಯಾವಾಗಲೂ ಹಿಂದೆ ಬೀಳುವವಳು. ಚೇಷ್ಟೆಯ ಮಾತು ಅಂತ ಬಿಟ್ಟುಬಿಟ್ಟೆ.

ಅವರು ಹೋಗಿ ಮೂರು ವರ್ಷವಾಯಿತು. ಆ ಎತ್ತು ಒಂದೂ ಉಳಿದಿಲ್ಲ. ಪೂಜೆಯಾದ ಮೇಲೆ ಹಳ್ಳಕ್ಕೆ ಬಿಡುವುದು ನಮ್ಮ ಪದ್ಧತಿ. ಪ್ರತಿ ವರ್ಷ ನಾನೇ ಬುಟ್ಟಿಯಲ್ಲಿ ಹೊತ್ತೊಯ್ದು ಬಿಟ್ಟು ಬಂದಿದ್ದೇನೆ. ಎರಡು ವರ್ಷ ಸೊಸೆ ಯಾದಗಿರಿಯಿಂದ ಬಣ್ಣದ ಎತ್ತು ತಂದಳು. ಅವಕ್ಕೆ ಕೈ ಮುಗಿದೆ, ಮನಸ್ಸು ಹತ್ತಲಿಲ್ಲ. ಈ ಸಲ ದೇವರ ಜಗುಲಿಯ ಮೇಲೆ ಹಿಂದೆ ನೋಡುವ ಎತ್ತೇ ಇರಬೇಕು ಅನ್ನಿಸಿತು. ಮಾಡುವವರಿಲ್ಲ, ನಾನೇ ಮಾಡಬೇಕು.

ಯುಗಾದಿ ಮುಗಿದ ಮೇಲೆ ಶುರುಮಾಡಿದೆ. ಬೆಳಗಿನ ರೊಟ್ಟಿ ಕೆಲಸ ಮುಗಿಸಿ, ಹಿತ್ತಲಲ್ಲಿ ಕೂತು ದಿನಕ್ಕೊಂದು ಎತ್ತು. ಸಂಜೆ ಅದನ್ನು ಮುರಿದು, ನೀರು ಹಾಕಿ ನಾದಿ, ಹಸಿ ಗೋಣಿಚೀಲ ಮುಚ್ಚಿ ಇಡುವುದು. ಮರುದಿನ ಅದೇ ಮಣ್ಣು.

"ಅತ್ತಿ, ಇದು ನಾಯಿ ಆಗ್ಯದಲ್ರಿ?" ಅಂದಳು ಸೊಸೆ.

"ಬೊಗಳಿದ್ರ ಹೇಳು" ಅಂದೆ.

ಮಣ್ಣಿಗೆ ಒಂದಿಷ್ಟು ಹತ್ತಿ ಸೇರಿಸಿದರೆ ಬಿರುಕು ಕಡಿಮೆ ಅಂತ ತಿಳಿಯಿತು. ಕಾಲು ಗಿಡ್ಡ ಇಟ್ಟರೆ ನಿಲ್ಲುತ್ತದೆ ಅಂತಲೂ ತಿಳಿಯಿತು. ಹೆಗಲ ಮೇಲಿನ ಇಣಿ ಬಂತು, ಕೊಂಬು ಬಂತು, ಗುಲಗಂಜಿಯ ಕಣ್ಣು ಕೂತವು. ಕತ್ತು ಮಾತ್ರ ಬರಲಿಲ್ಲ. ತಿರುಗಿಸಿದ ಕೂಡಲೇ ಪಟ್ಟನೆ ಮುರಿಯುತ್ತಿತ್ತು. ಒಂದೂವರೆ ತಿಂಗಳು ಕತ್ತು ಮುರಿದ ಎತ್ತುಗಳನ್ನೇ ಮಾಡಿದೆ.

ಅಷ್ಟರಲ್ಲಿ ಅವರ ಅಕ್ಕ ಸುರಪುರದಿಂದ ಬಂದರು. ಚಹಾ ಕುಡಿಯುತ್ತ ನನ್ನ ಕೈಯನ್ನೇ ನೋಡುತ್ತ ಕೂತರು.

"ಬಲಗೈಲೆ ಮಾಡಿದ್ರ ಕತ್ತು ಹೆಂಗ ಹೊಳ್ಳತದ? ಅವ ಮಾಡ್ತಿದ್ದದ್ದು ಎಡಗೈಲೆ."

"ಅದನ್ನ ನಾ ಬಿಡಿಸೀನಲ್ರಿ ಅಕ್ಕಾರ."

"ಎಲ್ಲಿ ಬಿಡಿಸೀಯವ್ವ! ನಿನಗ ಕಾಣಬಾರದಂತ ಗ್ವಾಡಿಗೆ ಮಾರಿ ಮಾಡಿ ಕೂಡ್ತಿದ್ದ. ನಮ್ಮ ಮನಿಗೆ ಬಂದು ಅದನ್ನೇ ಹೇಳಿ ನಗ್ತಿದ್ದ."

ಮದುವೆಯಾದ ಮೊದಲ ವರ್ಷ ಅವರು ಎಡಗೈಯಲ್ಲಿ ಎತ್ತು ಮಾಡುವುದನ್ನು ನೋಡಿ, "ದೇವ್ರನ್ನ ಎಡಗೈಲೆ ಮಾಡ್ತಾರೇನ್ರಿ? ನಾ ಕೈ ಮುಗಿಯಾಂಗಿಲ್ಲ" ಅಂದಿದ್ದೆ. ಮರುವರ್ಷದಿಂದ ಹಿತ್ತಲ ಗೋಡೆಗೆ ಮುಖಮಾಡಿ ಕೂತರು. ನನಗೆ ಕಂಡದ್ದು ಬೆನ್ನು ಮಾತ್ರ. ನನ್ನ ಮಾತು ಕೇಳಿದರು ಅಂತ ನಲವತ್ತು ವರ್ಷ ಹೆಮ್ಮೆಪಟ್ಟೆ.

ಅಕ್ಕ ಹೋದ ಮರುದಿನ ಎಡಗೈಯಲ್ಲಿ ಮಣ್ಣು ಹಿಡಿದೆ. ತೊಳೆಯುವ ಕೆಲಸ ಬಿಟ್ಟು ಬೇರೇನನ್ನೂ ಆ ಕೈಗೆ ಕಲಿಸಿರಲಿಲ್ಲ. ಮತ್ತೆ ನಾಯಿಗಳಿಂದಲೇ ಶುರುವಾಯಿತು. ಅಮಾವಾಸ್ಯೆಗೆ ನಾಲ್ಕು ದಿನ ಇರುವಾಗ, ಬಲಗೈಯಲ್ಲಿ ಮೈ ಹಿಡಿದು ಎಡಗೈ ಹೆಬ್ಬೆರಳಿನಿಂದ ಗದ್ದದ ಕೆಳಗೆ ಮೆಲ್ಲಗೆ ಒತ್ತಿದೆ. ಕತ್ತು ಮುರಿಯದೆ ತಿರುಗಿತು. ಇಷ್ಟೇ ಕೆಲಸ. ಎದುರಿಗೆ ಕೂತು ನೋಡಿದ್ದರೆ ಒಂದೇ ದಿನದಲ್ಲಿ ಕಲಿಯುತ್ತಿದ್ದೆ. ಎದುರಿಗೆ ಕೂತಿದ್ದರೆ ಅವರ ಮುಖವನ್ನೂ ನೋಡುತ್ತಿದ್ದೆ.

ಪೂಜೆಯಾಯಿತು. ಸೊಸೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು, "ಹಿಂದ ನೋಡೋದೊಂದು ಇಟ್ಕೋರಿ ಅತ್ತಿ" ಅಂದಳು. ನಾನು ಕೇಳಲಿಲ್ಲ. ಎರಡನ್ನೂ ಹಳ್ಳಕ್ಕೆ ಒಯ್ದೆ. ಮುಂದೆ ನೋಡುವುದು ಬೇಗ ಮುಳುಗಿತು. ಇನ್ನೊಂದು ಕರಗುವವರೆಗೂ ನನ್ನ ಕಡೆಯೇ ನೋಡುತ್ತಿತ್ತು. ನಾನೂ ಕದಲಲಿಲ್ಲ. ಬರುವಾಗ ಬುಟ್ಟಿಯಲ್ಲಿ ಒಂದು ಮುದ್ದೆ ಹಸಿ ಮಣ್ಣು ತಂದೆ.

ಮರುದಿನ ಆ ಮಣ್ಣು ಹಿಡಿದು, ಹಿತ್ತಲಿಗೆ ಹೋಗದೆ ಮುಂದಿನ ಕಟ್ಟೆಯ ಮೇಲೆ ಕೂತೆ. ನೀರಿಗೆ ಹೊರಟಿದ್ದ ಪಕ್ಕದ ಮನೆಯಾಕೆ ಕೊಡ ಇಳಿಸಿ ನಿಂತಳು.

"ಯವ್ವಾ, ಎಡಗೈಲೆ ಮಾಡಾಕತ್ತೀರಿ?"

"ಹೌದು, ಎಡಗೈಲೇ. ಅಲ್ಲಿಂದ ಕಾಣಂಗಿಲ್ಲ, ಈ ಕಡಿ ಬಂದು ಕೂಡು."