ಬ್ರೆಕ್ಕೆ ಅಜ್ಜಿಯ ಊರು ಹುಡುಕಲು ಬ್ರೂಕ್ಲಿನ್‌ಗೆ ಹೋದದ್ದು

ವುಡ್‌ಬ್ರಿಡ್ಜ್‌ನ ನಮ್ಮ ಮನೆಯಿಂದ ಹೊರಟಾಗ ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆ. ಹೊರಡಬೇಕಾಗಿದ್ದದ್ದು ಎಂಟಕ್ಕೆ. ನಡುವಿನ ಒಂದು ಗಂಟೆಯನ್ನು ಅಮ್ಮನ ಬುತ್ತಿ ನುಂಗಿಹಾಕಿತು. ಬ್ರೂಕ್ಲಿನ್ ಅಂದರೆ ಇಪ್ಪತ್ತೈದು ಮೈಲಿ. ಅಮ್ಮ ಮಾತ್ರ ಕಾಶಿಯಾತ್ರೆಗೆ ಹೊರಟವಳ ಹಾಗೆ ಪುಳಿಯೋಗರೆ, ಮೊಸರನ್ನ, ಚಕ್ಕುಲಿ, ಉಪ್ಪಿನಕಾಯಿ, ಎರಡು ಥರ್ಮಾಸ್ ಕಾಫಿ ಎಲ್ಲ ಕಟ್ಟಿದ್ದಳು.

"ಅಲ್ಲೂ ಜನ ಊಟ ಮಾಡ್ತಾರೆ ಕಣಮ್ಮಾ," ಅಂದೆ.

"ಮಾಡ್ತಾರೆ. ಏನನ್ನ ಮಾಡ್ತಾರೆ ಅನ್ನೋದೇ ನನ್ನ ಭಯ," ಅಂದಳು ಅಮ್ಮ.

ಅದು ೧೯೭೩ರ ಮೇ ತಿಂಗಳು. ಚಳಿ ಹೋಗಿತ್ತು, ಆದರೆ ನಮ್ಮಪ್ಪ ನಂಬಿರಲಿಲ್ಲ. ಮಫ್ಲರ್ ಸುತ್ತಿಕೊಂಡೇ ಸ್ಟೀರಿಂಗ್ ಹಿಡಿದರು. ಅವರ ಪಕ್ಕದಲ್ಲಿ ಬ್ರೆಕ್ಕೆ ಅಜ್ಜಿ. ಹಿಂದೆ ನಾನು, ಅಮ್ಮ ಮತ್ತು ಬುತ್ತಿಯ ಚೀಲ. ಕಿಟಕಿಯ ಪಕ್ಕದ ಸೀಟು ಚೀಲಕ್ಕೆ ಸಿಕ್ಕಿತು.

ಈ ಪ್ರಯಾಣ ಬ್ರೆಕ್ಕೆ ಅಜ್ಜಿಯದು. ಮಿಸ್ ಹೆಲ್ಗಾ ಬ್ರೆಕ್ಕೆ ನಮ್ಮ ಪಕ್ಕದ ಮನೆಯವರು, ವಯಸ್ಸು ಎಪ್ಪತ್ತೆರಡು, ಮದುವೆ ಆದವರಲ್ಲ. ನಲವತ್ತು ವರ್ಷ ಮೂರನೇ ಕ್ಲಾಸಿಗೆ ಪಾಠ ಹೇಳಿ ರಿಟೈರ್ ಆಗಿದ್ದರು. ಈಗಲೂ ಅವರು ಹೊರಗೆ ಬಂದರೆ ಬೀದಿಯ ನಾಯಿಗಳು ಸಾಲಾಗಿ ನಿಲ್ಲುತ್ತವೆ. ಅವರ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಜೂನ್ ತಿಂಗಳಿಗೆ ನಾರ್ವೆಗೆ ಹೋಗಿಬರುವ ವಿಮಾನದ ಟಿಕೆಟ್ ಕೊಡಿಸಿದ್ದರು. ಅವರ ತಂದೆ ನಿಲ್ಸ್ ಬ್ರೆಕ್ಕೆ ನಾರ್ವೆಯಿಂದ ಹಡಗಿನಲ್ಲಿ ಬಂದ ಬಡಗಿ. ಅಜ್ಜಿಗೆ ಆರು ವರ್ಷವಾಗಿದ್ದಾಗಲೇ ತೀರಿಕೊಂಡರು. ತಾಯಿ ಐರಿಷ್, ಗಂಡನ ಊರಿನ ಬಗ್ಗೆ ಆಕೆಗೆ ಗೊತ್ತಿದ್ದದ್ದು ಅಲ್ಲಿ ಚಳಿ ಅನ್ನುವುದೊಂದೇ. ಬ್ರೆಕ್ಕೆ ಅನ್ನುವ ಹೆಸರು ಭೂಪಟದಲ್ಲಿ ಕಂಡ ಮೂರು ಕಡೆಯ ಚರ್ಚುಗಳಿಗೆ ಅಜ್ಜಿ ಕಾಗದ ಬರೆದಿದ್ದರು. ಮೂರೂ ಕಡೆಯಿಂದ ಒಂದೇ ಉತ್ತರ: ನಿಲ್ಸ್ ಬ್ರೆಕ್ಕೆ ಅನ್ನುವ ಮಗು ನಮ್ಮಲ್ಲಿ ಹುಟ್ಟಿಲ್ಲ.

ಸೋಮವಾರದೊಳಗೆ ಬರುತ್ತೀನೋ ಇಲ್ಲವೋ ಅಂತ ಅಜ್ಜಿ ಟಿಕೆಟಿನವರಿಗೆ ಹೇಳಬೇಕಿತ್ತು. "ಊರು ಗೊತ್ತಾಗದೇ ಇದ್ದರೆ ನಾನು ಹೋಗಲ್ಲ ವಿಕ್ಕಿ," ಅಂದಿದ್ದರು ನನಗೆ. "ಏರ್‌ಪೋರ್ಟ್‌ನಲ್ಲಿ ಇಳಿದು ಎಡಕ್ಕೆ ತಿರುಗಲೋ, ಬಲಕ್ಕೋ?"

ಬ್ರೂಕ್ಲಿನ್‌ನ ಬೇ ರಿಡ್ಜ್ ಕಡೆ ನಾರ್ವೆಯವರು ಕಿಕ್ಕಿರಿದಿದ್ದಾರೆ, ಅಲ್ಲಿನ ಒಂದು ಹಳೆಯ ಚರ್ಚಿನಲ್ಲಿ ಹಡಗು ಇಳಿದವರ ಹೆಸರು ಬರೆದಿಟ್ಟ ಪುಸ್ತಕ ಇದೆ ಅಂತ ತಿಳಿದದ್ದು ಆಗ. ದುಭಾಷಿಯಾಗಿ ಬರುತ್ತೇನೆ ಅಂತ ಒಪ್ಪಿಕೊಂಡವಳು ನಾನು. ಲೈಬ್ರರಿಯಿಂದ ಪುಸ್ತಕ ತಂದು ಒಂದೇ ವಾರದಲ್ಲಿ ನಾರ್ವೆ ಭಾಷೆ ಅರೆದು ಕುಡಿದಿದ್ದೆ. ಮೂರು ವಾಕ್ಯ ಬಾಯಿಪಾಠ ಬರುತ್ತಿತ್ತು: ಧನ್ಯವಾದಗಳು; ಈ ಮೀನು ಇವತ್ತಿನದೇ; ನನ್ನ ಸೂಟ್‌ಕೇಸ್ ಕಳೆದುಹೋಗಿದೆ.

ಗೋಥಲ್ಸ್ ಸೇತುವೆಗೆ ಒಂದು ಡಾಲರ್ ಟೋಲ್. ನಮ್ಮ ಕಾರು ಎಷ್ಟು ಉದ್ದವಿತ್ತೆಂದರೆ, ಮುಂದಿನ ಬಂಪರ್ ನ್ಯೂಯಾರ್ಕ್ ರಾಜ್ಯ ಸೇರಿದ ಮೇಲೂ ಹಿಂದಿನ ಬಂಪರ್ ನ್ಯೂಜೆರ್ಸಿಯಲ್ಲೇ ಇತ್ತು. ಸ್ಟ್ಯಾಟನ್ ಐಲೆಂಡ್ ದಾಟಿ ವೆರಜಾನೋ ಸೇತುವೆ ಹತ್ತಿದಾಗ ಅಪ್ಪ ಎಂಜಿನಿಯರ್ ಆಗಿಬಿಟ್ಟರು. ಆಫೀಸಿನಲ್ಲೂ ಅವರು ಎಂಜಿನಿಯರೇ, ಆದರೆ ಸೇತುವೆಯ ಮೇಲೆ ಸ್ವಲ್ಪ ಜಾಸ್ತಿ.

"ಈ ಎರಡು ಗೋಪುರ ಇದಾವಲ್ಲ, ಬುಡದಲ್ಲಿರೋದಕ್ಕಿಂತ ತುದೀಲಿ ಒಂದೂವರೆ ಇಂಚು ದೂರ ಇದಾವೆ. ಯಾಕೆ ಹೇಳು? ಭೂಮಿ ಗುಂಡಗಿದೆ!" ಅಂತ ತಲೆ ಎತ್ತಿ ನೋಡುತ್ತಾ ಇಪ್ಪತ್ತು ಮೈಲಿ ಸ್ಪೀಡಿಗೆ ಇಳಿದರು. ಹಿಂದಿನವರೆಲ್ಲ ಒಟ್ಟಿಗೆ ಹಾರ್ನ್ ಊದಿದರು.

"ರೀ, ಭೂಮಿ ಗುಂಡಗೇ ಇರ್ಲಿ. ರಸ್ತೆ ನೆಟ್ಟಗಿದೆ, ಅದನ್ನ ನೋಡಿ," ಅಂದಳು ಅಮ್ಮ.

ಬೇ ರಿಡ್ಜ್ ತಲುಪಿದಾಗ ಊರಿಗೆ ಊರೇ ಬೀದಿಯಲ್ಲಿತ್ತು. ಅದು ನಾರ್ವೆಯವರ ನಾಡಹಬ್ಬದ ಮೆರವಣಿಗೆಯ ದಿನ. ಬ್ಯಾಂಡು, ಬಾವುಟ, ಕಸೂತಿ ಹಾಕಿದ ಲಂಗ ತೊಟ್ಟ ಹೆಂಗಸರು. ಪೊಲೀಸಿನವನು ಆ ಕಡೆ ಹೋಗಿ ಅಂತ ಕೈ ಮಾಡಿದ. ಅಪ್ಪನಿಗೆ ಅದು ಈ ಕಡೆ ಬನ್ನಿ ಅಂತ ಕಂಡಿತು. ಎರಡು ನಿಮಿಷ ನಾವು ಬ್ಯಾಂಡಿನ ಹಿಂದೆ, ಮಕ್ಕಳ ಮುಂದೆ, ಉತ್ಸವಮೂರ್ತಿಯ ಹಾಗೆ ಸಾಗಿದೆವು. ಚರ್ಚಿಗೆ ಹೋಗುವುದು ಅಂತ ಅಮ್ಮ ರೇಷ್ಮೆ ಸೀರೆ ಉಟ್ಟಿದ್ದಳು. ಯಾರೋ ಕಿಟಕಿಯಿಂದ ಅವಳ ಕೈಗೆ ಪುಟ್ಟ ಬಾವುಟ ತುರುಕಿದರು. ಅಮ್ಮ ಅದನ್ನು ಬೀಸಿದಳು. ಹತ್ತು ಸಾವಿರ ಜನ ಚಪ್ಪಾಳೆ ತಟ್ಟಿದರು. ಸರಿ, ಹನ್ನೊಂದು ಜನ. ಆದರೆ ಜೋರಾಗಿ ತಟ್ಟಿದರು.

ಕಾರು ನಿಲ್ಲಿಸಿ ನಡೆದು ಹೋಗುವಾಗ ದಾರಿಬದಿಯಲ್ಲಿ ಒಬ್ಬ ಹೆಂಗಸು ಲೆಫ್ಸೆ ಮಾರುತ್ತಿದ್ದಳು. ತೆಳ್ಳಗೆ ಲಟ್ಟಿಸಿ, ಕಾವಲಿಯ ಮೇಲೆ ಬೇಯಿಸಿ, ಬೆಣ್ಣೆ ಸಕ್ಕರೆ ಸವರಿ ಮಡಿಸಿ ಕೊಡುವುದು. ಅಮ್ಮ ಹತ್ತಿರ ಹೋಗಿ ಬಗ್ಗಿ ನೋಡಿದಳು.

"ಮೊಟ್ಟೆ ಹಾಕಿದಾರಾ ಕೇಳು."

ಕೇಳಿದೆ. ಹಾಕಿರಲಿಲ್ಲ. ಬರೀ ಆಲೂಗಡ್ಡೆ, ಹಿಟ್ಟು, ಬೆಣ್ಣೆ. ಅಮ್ಮ ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದಳು. "ಒಬ್ಬಟ್ಟು ಕಣೇ. ಹೂರಣ ಹಾಕೋದು ಮರೆತಿದಾರೆ ಅಷ್ಟೆ."

ನಾನು ಇದನ್ನು "ನಮ್ಮ ತಾಯಿ ಜೀವನದಲ್ಲಿ ಇಂಥ ತಿಂಡಿ ತಿಂದಿಲ್ಲವಂತೆ" ಅಂತ ಇಂಗ್ಲಿಷ್ ಮಾಡಿದೆ. ಆ ಹೆಂಗಸು ಇನ್ನೆರಡು ಪುಕ್ಕಟೆ ಕೊಟ್ಟಳು. ಭಾಷಾಂತರ ಅಂದರೆ ಇದು.

ಚರ್ಚಿನ ಬಾಗಿಲಲ್ಲಿ ಪುಸ್ತಕ ನೋಡಿಕೊಳ್ಳುವ ಆರ್ನೆ ಅನ್ನುವ ಮುದುಕರು ಸಿಕ್ಕರು. ಅವರ ಮೈಮೇಲೆ ಹೆಬ್ಬಾವಿನ ಹಾಗೆ ಒಂದು ಹಿತ್ತಾಳೆ ವಾದ್ಯ ಸುತ್ತಿಕೊಂಡಿತ್ತು. ನಾನು ಮುಂದೆ ನುಗ್ಗಿ ನನ್ನ ಅತ್ಯುತ್ತಮ ನಾರ್ವೆ ವಾಕ್ಯ ಹೇಳಿದೆ.

"ಸೂಟ್‌ಕೇಸ್ ಕಳೆದುಹೋಗಿದ್ಯಾ? ಪೊಲೀಸ್ ಸ್ಟೇಷನ್ ಮುಂದಿನ ಬ್ಲಾಕ್‌ನಲ್ಲಿದೆ," ಅಂದರು ಆರ್ನೆ, ಇಂಗ್ಲಿಷಿನಲ್ಲಿ.

ಬ್ರೆಕ್ಕೆ ಅಜ್ಜಿ ನನ್ನನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿ ವಿಷಯ ಹೇಳಿದರು. ಆರ್ನೆ ಗಡಿಯಾರ ನೋಡಿಕೊಂಡರು. ಅವರ ಬ್ಯಾಂಡು ಹೊರಡುವ ಹೊತ್ತು. "ಹಿಂದಿನ ರೂಮು, ಕಪ್ಪು ರಟ್ಟಿನ ದೊಡ್ಡ ಪುಸ್ತಕ. ಎಲ್ಲ ಆಲ್ಫಬೆಟಿಕಲ್ ಇದೆ. ನೋಡ್ತಾ ಇರಿ, ಒಂದು ಗಂಟೇಲಿ ಬಂದೆ," ಅಂತ ಕೀ ಕೊಟ್ಟು ಓಡಿದರು. ಆ ವಾದ್ಯ ಬಾಗಿಲಲ್ಲಿ ಒಂದು ಸಲ ಸಿಕ್ಕಿಹಾಕಿಕೊಂಡಿತು.

ರೂಮಿನಲ್ಲಿ ಒಂದು ಮೇಜು, ನಾಲ್ಕು ಕುರ್ಚಿ, ಆ ಪುಸ್ತಕ. ಹಸುವಿನ ಕರು ಮಲಗಿದ ಹಾಗಿತ್ತು. ಅಜ್ಜಿ ಕನ್ನಡಕ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ನಾನು ಪಂಡಿತಳ ಹಾಗೆ ಪುಟ ತಿರುವಿ 'ಬಿ' ಅಕ್ಷರ ತೆಗೆದೆ. ಇಂಕಿನಲ್ಲಿ ಬಿದ್ದ ಇರುವೆ ಎದ್ದು ನಡೆದ ಹಾಗಿನ ಕೈಬರಹ, ಅರ್ಧ ಇಂಗ್ಲಿಷು, ಅರ್ಧ ನಾರ್ವೆ ಭಾಷೆ. ಬೆರ್ನ್ಟ್ ಇದ್ದ, ಬ್ಯೋರ್ನ್ ಇದ್ದ, ಬಿರ್ಗಿಟ್ಟೆ ಇದ್ದಳು. ಬ್ರೆಕ್ಕೆ ಇರಲಿಲ್ಲ. ಅಜ್ಜಿ ಬೆರಳಿಟ್ಟು ಪ್ರತಿ ಸಾಲೂ ನೋಡಿದರು. ಎರಡು ಸಲ ನೋಡಿದರು.

"ಇಲ್ಲ," ಅಂದೆ ನಾನು, ದೊಡ್ಡ ಡಾಕ್ಟರ ಗತ್ತಿನಲ್ಲಿ. "ನಿಮ್ಮ ತಂದೆ ಈ ಚರ್ಚಿಗೆ ಬಂದೇ ಇಲ್ಲ."

ಅಜ್ಜಿ ಕನ್ನಡಕ ತೆಗೆದು ಡಬ್ಬಿಗೆ ಹಾಕಿ, ಡಬ್ಬಿಯನ್ನು ಬ್ಯಾಗಿಗೆ ಹಾಕಿ, ಬ್ಯಾಗು ಮುಚ್ಚಿದರು. "ಪರವಾಗಿಲ್ಲ. ನಾಳೆ ಫೋನ್ ಮಾಡಿ ಬೇಡ ಅಂತ ಹೇಳ್ತೀನಿ. ಈ ವಯಸ್ಸಲ್ಲಿ ವಿಮಾನ ಬೇರೆ ಕೇಡು." ಆಮೇಲೆ ಅಪ್ಪನ ಕಡೆ ತಿರುಗಿ, "ನಿಮ್ಮ ಭಾನುವಾರ ಹಾಳುಮಾಡಿದೆ, ಮಿಸ್ಟರ್ ಸುಬ್ಬರಾವ್," ಅಂದರು. ಧ್ವನಿ ಮೂರನೇ ಕ್ಲಾಸಿನ ಟೀಚರದಾಗಿರಲಿಲ್ಲ, ಮೂರನೇ ಕ್ಲಾಸಿನ ಹುಡುಗಿಯದಾಗಿತ್ತು. ನಾನು ಚಾವಣಿ ನೋಡಿದೆ. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮಪ್ಪ ಸುಬ್ಬರಾವ್ ಅಲ್ಲ. ಅವರು ಮಂಜುನಾಥ. ಸುಬ್ಬರಾವ್ ನಮ್ಮ ತಾತ, ಬಾಣಾವರ ಅವರ ಊರು. ಊರಿನಲ್ಲಿ ಬಿ.ಎಸ್. ಮಂಜುನಾಥ ಅಂದರೆ ಕತೆ ಮುಗಿಯಿತು. ಅಮೆರಿಕಾದ ಅರ್ಜಿಯಲ್ಲಿ ಲಾಸ್ಟ್ ನೇಮ್ ಅಂತ ಖಾಲಿ ಜಾಗ ಬಿಟ್ಟಿದ್ದರು, ಅಪ್ಪ ಹೆದರಿ ತಾತನನ್ನು ತುಂಬಿಸಿದರು. ಅಂದಿನಿಂದ ಅಪ್ಪ ಆಫೀಸಿನಲ್ಲಿ ಸುಬ್ಬರಾವ್. ಅಮ್ಮ ನನ್ನ ಸ್ಕೂಲಿನಲ್ಲಿ, ಬ್ಯಾಂಕಿನಲ್ಲಿ, ಎಲ್ಲ ಕಡೆ ಮಿಸೆಸ್ ಸುಬ್ಬರಾವ್, ಅಂದರೆ ಸ್ವಂತ ಮಾವನವರ ಹೆಂಡತಿ. ಯಾರಾದರೂ ಹಾಗೆ ಕರೆದಾಗಲೆಲ್ಲ ಅಮ್ಮ ನಾಲಿಗೆ ಕಚ್ಚಿಕೊಂಡು ಸೆರಗು ಸರಿಮಾಡಿಕೊಳ್ಳುತ್ತಾಳೆ.

ಆ ದಿನವೂ ನಾಲಿಗೆ ಕಚ್ಚಿಕೊಂಡಳು. ಆಮೇಲೆ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು ಮೊದಲಿನಿಂದ ತಿರುವತೊಡಗಿದಳು.

"ಇಲ್ನೋಡೇ. ಮೊದಲನೇ ಪುಟದಲ್ಲಿ ಎಲ್ಲಾರೂ ಆಂಡರ್ಸೇ. ಆಮೇಲೆ ಎಲ್ಲಾರೂ ಆರ್ನೇನೇ. ಇದು ನಮ್ಮ ಸ್ಕೂಲಿನ ಹಾಜರಿ ಪುಸ್ತಕ ಇದ್ದಹಾಗಿದೆ. ಮೊದಲು ಅವರವರ ಹೆಸರು. ಆಮೇಲೆ ಅಪ್ಪನ ಹೆಸರು. ಆಮೇಲೆ ಊರು. ಇನಿಷಿಯಲ್ ಹಿಂದಕ್ಕೆ ಬಂದಿದೆ ಅಷ್ಟೆ."

"ಅಮ್ಮಾ, ದೇ ಆರ್ ಯುರೋಪಿಯನ್ಸ್. ಅವರಿಗೆ ಇನಿಷಿಯಲ್ ಗಿನಿಷಿಯಲ್ ಇರಲ್ಲ," ಅಂದೆ.

"ನಿನ್ನ ಕೇಳಲಿಲ್ಲ," ಅಂದಳು ಅಮ್ಮ. ದುಭಾಷಿಯನ್ನು ಅಲ್ಲಿಗೆ ಕೆಲಸದಿಂದ ತೆಗೆದು, ಕುರ್ಚಿ ಎಳೆದುಕೊಂಡು ಅಜ್ಜಿಯ ಪಕ್ಕ ಕೂತಳು. "ಮಿಸ್ ಬ್ರೆಕ್ಕೆ. ಬ್ರೆಕ್ಕೆ ನಾಟ್ ಫಾದರ್ ನೇಮ್. ಬ್ರೆಕ್ಕೆ ಈಸ್ ಊರು. ಲುಕ್ ನಿಲ್ಸ್. ಎನ್, ಎನ್."

ಎನ್ ತೆಗೆದರು. ನಿಲ್ಸ್‌ಗಳು ಎರಡು ಪುಟ ತುಂಬ ಇದ್ದರು. ನಾರ್ವೆಯಲ್ಲಿ ಗಂಡು ಮಗು ಅತ್ತರೆ ನಿಲ್ಸ್ ಅಂತಲೇ ಅಳುತ್ತದೆಯೋ ಏನೋ. ಅಜ್ಜಿ ಕನ್ನಡಕವನ್ನು ಮತ್ತೆ ಬ್ಯಾಗಿನಿಂದ, ಡಬ್ಬಿಯಿಂದ ಹೊರತೆಗೆದರು. ಹದಿನಾಲ್ಕನೆಯ ಸಾಲಿಗೆ ಬಂದು ಅವರ ಬೆರಳು ನಿಂತಿತು. ನಿಲ್ಸ್, ತಂದೆ ಆಂಡರ್ಸ್, ಬಡಗಿ, ಬ್ರೆಕ್ಕೆಯಿಂದ ಬಂದವನು. ಪಕ್ಕದಲ್ಲಿ ಬೇರೆ ಇಂಕಿನಲ್ಲಿ: ನ್ಯೂಜೆರ್ಸಿಗೆ ಹೋದ, ಮೇರಿ ಎಂಬ ಐರಿಷ್ ಹುಡುಗಿಯನ್ನು ಮದುವೆಯಾದ.

"ಮೇರಿ ನಮ್ಮಮ್ಮ," ಅಂದರು ಅಜ್ಜಿ.

ಅಮ್ಮ ಹೇಳಿದ್ದೇ ಸರಿ ಅಂತ ನಾನು ಒಪ್ಪಿಕೊಂಡೆ. ನಮ್ಮ ಮನೆಯಲ್ಲಿ ಇದನ್ನು ಇವತ್ತಿಗೂ ಹೇಳುತ್ತಾರೆ.

ಆರ್ನೆ ಬೆವರುತ್ತಾ ವಾಪಸ್ ಬಂದಾಗ ನಾವು ನಾಲ್ವರೂ ಪುಸ್ತಕದ ಮೇಲೆ ಬಗ್ಗಿದ್ದೆವು. ವಾದ್ಯ ಇಳಿಸಿಟ್ಟು ಆ ಸಾಲು ಓದಿದರು. "ಹೌದಲ್ಲ, ಬ್ರೆಕ್ಕೆ ಒಂದು ಫಾರ್ಮಿನ ಹೆಸರು, ಹೊಲ-ಮನೆ ಎಲ್ಲ ಸೇರಿದ್ದು. ನಿಮಗೆ ಯಾರೂ ಹೇಳಲಿಲ್ವಾ? ನಾವು ಇರೋ ಫಾರ್ಮಿನ ಹೆಸರನ್ನೇ ಹಿಂದೆ ಸೇರಿಸ್ಕೊಳ್ತಿದ್ವಿ. ಫಾರ್ಮ್ ಬಿಟ್ಟರೆ ಹೆಸರೂ ಬಿಡ್ತಿದ್ವಿ. ಇವರು ಹಡಗು ಹತ್ತೋದಕ್ಕೆ ಮುಂಚೆ ಎರಡು ವರ್ಷ ಬ್ರೆಕ್ಕೆಯಲ್ಲಿ ಕೂಲಿ ಮಾಡಿದಾರೆ. ಹುಟ್ಟಿದ್ದು ಅಲ್ಲಲ್ಲ. ಇಲ್ಲಿದೆ ನೋಡಿ: ಟ್ವೈಟ್ ಅನ್ನೋ ಊರು, ಟೆಲೆಮಾರ್ಕ್ ಪ್ರಾಂತ್ಯ."

ಬ್ರೆಕ್ಕೆ ಅಜ್ಜಿ ಕುರ್ಚಿಗೆ ಒರಗಿದರು. "ಅಂದ್ರೆ ಎಪ್ಪತ್ತೆರಡು ವರ್ಷದಿಂದ ನಮ್ಮಪ್ಪನ ಯಜಮಾನನ ಫಾರ್ಮ್ ಹೆಸರು ಹೊತ್ಕೊಂಡು ಓಡಾಡ್ತಿದೀನಾ?"

"ನನ್ನನ್ನ ನನ್ನ ಬಾಸ್ ನಮ್ಮಪ್ಪನ ಹೆಸರು ಹಿಡಿದು ಬೈತಾರೆ," ಅಂದರು ಅಪ್ಪ ಸಮಾಧಾನವಾಗಿ. "ನೀವೇ ವಾಸಿ."

ಅಜ್ಜಿ ನಕ್ಕರು. ನಗುತ್ತಿದ್ದ ಹಾಗೇ ಆರ್ನೆ ಸಾಲಿನ ಕೊನೆ ಓದಿದರು: "ತಾಯಿ, ಹೆಲ್ಗಾ." ನಗು ನಿಂತಿತು.

"ನಮ್ಮಮ್ಮನಿಗೆ ನನ್ನ ಈ ಹೆಸರು ಹಿಡಿಸ್ತಿರಲಿಲ್ಲ. ಎಲ್ಲಿಂದ ತಂದ್ರಿ ಇದನ್ನ ಅಂತ ಅಪ್ಪನ ಜೊತೆ ಜಗಳ ಆಡಿದ್ದಳಂತೆ," ಅಂದರು ಅಜ್ಜಿ.

"ಮೊದಲನೇ ಹೆಣ್ಣು ಮಗುವಿಗೆ ಅಜ್ಜಿ ಹೆಸರು. ಅದು ನಮ್ಮ ಪದ್ಧತಿ," ಅಂದರು ಆರ್ನೆ.

ಅಮ್ಮ ನನ್ನ ತಲೆಯ ಮೇಲೆ ಕೈ ಇಟ್ಟಳು. "ಇವಳೂ ಅಷ್ಟೆ. ವಿಕ್ಕಿ ಅಲ್ಲ. ವೆಂಕಟಲಕ್ಷ್ಮಮ್ಮ. ಮೈ ಮದರ್-ಇನ್-ಲಾ." ಮೂರು ವರ್ಷದಿಂದ ನ್ಯೂಜೆರ್ಸಿಯಲ್ಲಿ ಯಾರಿಗೂ ಗೊತ್ತಾಗದ ಹಾಗೆ ಕಾಪಾಡಿಕೊಂಡು ಬಂದಿದ್ದ ಗುಟ್ಟು ಅದು.

ಆರ್ನೆ ಟ್ವೈಟ್‌ನ ಪಾದ್ರಿಗಳಿಗೆ ತಾವೇ ಕಾಗದ ಬರೆಯುವುದಾಗಿ ಹೇಳಿದರು. ಅಮ್ಮ ಅವರಿಗೆ ಪುಳಿಯೋಗರೆ ಬಡಿಸಿದಳು. ಅವರ ಕಣ್ಣಲ್ಲಿ ಧಾರಾಕಾರ ನೀರು. ಅದು ಭಾವನೆ ಅಂತ ನಾನು, ಮೆಣಸಿನಕಾಯಿ ಅಂತ ಅಪ್ಪ. ಎರಡನೇ ಸಲ ಹಾಕಿಸಿಕೊಂಡರು.

ಮೂರೂವರೆಗೆ ಹೊರಟೆವು. ಸ್ಟ್ಯಾಟನ್ ಐಲೆಂಡಿನ ನಡುವೆ ಅಜ್ಜಿ ಇದ್ದಕ್ಕಿದ್ದಂತೆ, "ನಾಳೆ ಫೋನ್ ಮಾಡಿ ಬರ್ತೀನಿ ಅಂತ ಹೇಳ್ತೀನಿ," ಅಂದರು. ಸ್ವಲ್ಪ ಹೊತ್ತಾದ ಮೇಲೆ, "ಆದ್ರೆ ಅಲ್ಲಿ ಹೋಗಿ ಬಾಗಿಲು ತಟ್ಟಿದ ಮೇಲೆ ಏನು ಹೇಳೋದು? ಗುರುತು ಪರಿಚಯ ಇಲ್ಲದ ಜನ."

ಅಮ್ಮ ಹಿಂದಿನಿಂದ ಮುಂದಕ್ಕೆ ಬಗ್ಗಿದಳು. "ನೀನು ಸರಿಯಾಗಿ ಹೇಳು, ನಿಂದೇನೂ ಸೇರಿಸ್ಬೇಡ," ಅಂತ ನನಗೆ ತಾಕೀತು ಮಾಡಿ ಹೇಳಿದಳು: "ಅಮೆರಿಕಾದಿಂದ ಬಂದೆ, ಟೀಚರ್ ಆಗಿದ್ದೆ, ಅದೆಲ್ಲ ಬೇಡ. ಯಾರ ಮಗಳು, ಯಾರ ಮೊಮ್ಮಗಳು ಅಂತ ಹೇಳಿ. ಆಮೇಲೆ ಸುಮ್ಮನೆ ನಿಂತ್ಕೊಳ್ಳಿ. ಮಿಕ್ಕಿದ್ದನ್ನ ಅವರು ಮಾಡ್ತಾರೆ."

ಹೇಳಿದ್ದನ್ನು ಹೇಳಿದ ಹಾಗೇ ದಾಟಿಸಿದೆ. ಗೋಥಲ್ಸ್ ಸೇತುವೆಯವರೆಗೂ ಅಜ್ಜಿ ತುಟಿಯಲ್ಲೇ ಅಭ್ಯಾಸ ಮಾಡಿದರು. ಒಂದು ಸಲ ತಪ್ಪಿ ಆಂಡರ್ಸನ ಮಗಳು ಅಂದುಬಿಟ್ಟು, ತಮ್ಮ ಕೈಮೇಲೆ ತಾವೇ ಹೊಡೆದುಕೊಂಡರು.

ವುಡ್‌ಬ್ರಿಡ್ಜ್ ಸೇರಿದಾಗ ಇನ್ನೂ ಬಿಸಿಲಿತ್ತು. ಅಜ್ಜಿ ಕಾರಿನಿಂದ ಇಳಿದು ತಮ್ಮ ಮನೆಯ ಮೆಟ್ಟಿಲು ಹತ್ತಿ ಕೀ ತೆಗೆದರು. ಯೋಚಿಸಿ ಮತ್ತೆ ಬ್ಯಾಗಿಗೆ ಹಾಕಿಕೊಂಡರು. ಹ್ಯಾಟು ಸರಿಮಾಡಿಕೊಂಡು, ತಮ್ಮದೇ ಬಾಗಿಲನ್ನು ಮೂರು ಸಲ ತಟ್ಟಿದರು.

"ನಾನು ಹೆಲ್ಗಾ," ಅಂದರು ಬಾಗಿಲಿಗೆ, ಗಟ್ಟಿಯಾಗಿ. "ನಿಲ್ಸನ ಮಗಳು. ಆಂಡರ್ಸನ ಮೊಮ್ಮಗಳು. ಹೆಲ್ಗಾಳ ಮೊಮ್ಮಗಳು."

ಹೇಳಿ ಸುಮ್ಮನೆ ನಿಂತರು. ನಮ್ಮ ಡ್ರೈವ್‌ವೇನಲ್ಲಿ ಖಾಲಿ ಡಬ್ಬಿಗಳನ್ನು ಇಳಿಸುತ್ತಿದ್ದ ಅಮ್ಮ ತಲೆ ಎತ್ತಿ, ಕನ್ನಡದಲ್ಲೇ, ಬೀದಿಗೆಲ್ಲ ಕೇಳುವಂತೆ ಕೂಗಿದಳು: "ಅಯ್ಯೋ, ಹೊರಗೇ ನಿಂತಿದೀರಲ್ಲ! ಬನ್ನಿ, ಒಳಗೆ ಬನ್ನಿ, ಕಾಫಿ ಕುಡಿಯೋರಂತೆ!"

ಇಂಗ್ಲಿಷಿಗೆ ತಿರುಗಿಸೋಣ ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಹುಲ್ಲು ದಾಟಿ ನಮ್ಮ ಬಾಗಿಲಿಗೆ ಬಂದಾಗಿತ್ತು.