ಫೋಟೋದಲ್ಲಿ ನಾಲ್ಕನೆಯವರು

ಕಲ್ಕತ್ತೆಯಲ್ಲಿ ತೆಗೆದ ಫೋಟೋಗಳನ್ನು ಯಾರಿಗೆ ತೋರಿಸಿದರೂ ಮೊದಲು ಕೇಳುವ ಪ್ರಶ್ನೆ ಒಂದೇ. "ನೀವು ಮೂರು ಜನ ಅಕ್ಕತಂಗೀರು ಸರಿ. ಈ ನಾಲ್ಕನೆಯವರು ಯಾರು?" ದೊಡ್ಡ ಬಿಳಿ ಗುಮ್ಮಟದ ಮುಂದೆ ಮಂಕಿ ಟೋಪಿ ಹಾಕಿದ ಒಬ್ಬ ಮುದುಕ. ಟ್ರಾಮಿನ ಪಕ್ಕದಲ್ಲಿ ಒಬ್ಬ ತುಂಬು ಬಸುರಿ. ನದಿಯ ದಂಡೆಯಲ್ಲಿ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಊರುಗೋಲು ಹಿಡಿದ ಒಬ್ಬ ದಪ್ಪ ಮನುಷ್ಯ. ಇವರಲ್ಲಿ ಯಾರ ಪರಿಚಯವೂ ನಮಗಿಲ್ಲ. ಅವರನ್ನೆಲ್ಲ ಕೈಸನ್ನೆ ಮಾಡಿ ಕರೆದು ನಿಲ್ಲಿಸಿದವಳು ನಾನು.

ಅದಕ್ಕೆ ಕಾರಣ ನಮ್ಮಮ್ಮ. ನಮ್ಮ ತವರು ಚಿಂತಾಮಣಿಯಿಂದಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ. ಮನೆಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಹೆದರಿಸುವ ಮಾತುಗಳೆಲ್ಲ ತೆಲುಗಿನಲ್ಲೇ ಬರುತ್ತಿದ್ದವು. "ಮುಗ್ಗುರು ಫೋಟೋ ದಿಗಕೂಡದು" ಎನ್ನುತ್ತಿದ್ದಳು ಅಮ್ಮ. ಮೂರು ಜನ ಒಟ್ಟಿಗೆ ಫೋಟೋ ತೆಗೆಸಿಕೊಳ್ಳಬಾರದು, ತೆಗೆಸಿಕೊಂಡರೆ ನಡುವೆ ನಿಂತವರು ಉಳಿಯುವುದಿಲ್ಲ. ಹೆತ್ತಿದ್ದು ಸರಿಯಾಗಿ ಮೂರು ಹೆಣ್ಣು, ಇಟ್ಟಿದ್ದು ಈ ಕಟ್ಟಳೆ. ಹಾಗಾಗಿ ನಮ್ಮ ಬಾಲ್ಯದ ಪ್ರತಿ ಫೋಟೋದಲ್ಲೂ ಪಕ್ಕದ ಮನೆಯ ಹುಡುಗಿ ಇದ್ದಾಳೆ. ಒಂದು ಸಲ ಅವಳು ಸಿಗದೆ ಎಳೆಗರುವನ್ನು ಹಿಡಿದುಕೊಂಡು ನಿಂತೆವು. ಕರು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಅಮ್ಮ ಎಷ್ಟೋ ದಿನ ಕೊರಗಿದಳು.

ನಾನು ದಿಬ್ಬೂರಹಳ್ಳಿಯ ಕಡೆಗೆ ಸೊಸೆಯಾಗಿ ಬಂದು ರೇಷ್ಮೆ ಹುಳ ಸಾಕುತ್ತಾ ಮುದುಕಿಯಾದವಳು. ನಮ್ಮ ಹುಳುಮನೆಯೊಳಗೆ ಹೊರಗಿನವರು ಕಾಲಿಡುವಂತಿಲ್ಲ. ರೋಗ ತರುತ್ತಾರೋ ಕಣ್ಣು ಹಾಕುತ್ತಾರೋ ಯಾರಿಗೆ ಗೊತ್ತು? ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ ನಾನು ಕಲಿತದ್ದೂ ಅದನ್ನೇ. ನಗುನಗುತ್ತಾ ಮಾತಾಡಿಸುವವನು ರೇಟು ಇಳಿಸಲು ಬಂದಿರುತ್ತಾನೆ. ಅಲ್ಲಿ ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಹುಳ ಲಟಲಟ ಎಂದರೆ ಒಳ್ಳೆಯ ಗೂಡು, ಸದ್ದು ಮಂಕಾಗಿದ್ದರೆ ಒಳಗೆ ಏನೋ ಕೆಟ್ಟಿದೆ. ಮನುಷ್ಯರನ್ನೂ ನಾನು ಹಾಗೇ ನೋಡುವುದು. ಕಾಮಾಲೆ ಕಣ್ಣಿನವಳು ಎಂದು ಮನೆಯಲ್ಲಿ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ.

ಅನುಮಾನ ಶುರುವಾದದ್ದು ಊರಲ್ಲೇ. ಅಕ್ಕನದು ಚಿಕ್ಕಬಳ್ಳಾಪುರದ ಕಡೆ, ಸ್ಕಂದಗಿರಿಯ ಬುಡದಲ್ಲಿ ಹೂವಿನ ತೋಟ. ಬೆಟ್ಟ ಹತ್ತಲು ಬೆಂಗಳೂರಿನಿಂದ ಬರುವವರನ್ನು ಕಂಡರೆ "ಕೆಲ್ಸ ಇಲ್ದೋರು" ಎಂದು ಬೈಯುವವಳು. ಎರಡು ವರ್ಷದ ಹಿಂದೆ ಎದೆಯ ಗಡ್ಡೆಗೆ ಆಪರೇಷನ್ ಆದಾಗಲೂ ಮಂಚದ ಮೇಲಿಂದಲೇ ಕೂಲಿಯವರಿಗೆ ಆಜ್ಞೆ ಕೊಟ್ಟವಳು. ಅಂಥವಳು ಒಂದು ದಿನ ಫೋನ್ ಮಾಡಿ, "ಕಲ್ಕತ್ತೆ ನೋಡ್ಕೊಂಡು ಬರಣ ಬಾರೇ. ಸೇತುವೆ ಕೆಳಗೆ ಹೂವಿನ ಮಾರ್ಕೆಟ್ ಐತಂತೆ. ಮೂರೇ ಜನ ಹೋಗಣ" ಎಂದಳು. ಅದಕ್ಕೆ ಸ್ವಲ್ಪ ಮುಂಚೆ ಆಸ್ಪತ್ರೆಯ ಚೆಕಪ್ಪಿಗೆ ಅವಳ ಜೊತೆ ನಾನು ಹೋಗಲಾಗಿರಲಿಲ್ಲ, ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತು. ತಂಗಿ ಹೋಗಿದ್ದಳು. ಏನಂದರು ಎಂದು ಕೇಳಿದ್ದಕ್ಕೆ ಇಬ್ಬರೂ ಒಂದೇ ಮಾತು ಹೇಳಿದರು, "ಎಲ್ಲಾ ಸರಿಯಾಗಿದೆಯಂತೆ." ಇಬ್ಬರು ಒಂದೇ ಮಾತನ್ನು ಒಂದೇ ಥರ ಹೇಳಿದರೆ ನನಗೆ ನಂಬಿಕೆ ಬರುವುದಿಲ್ಲ.

ತಂಗಿ ಸರ್ಕಾರಿ ಶಾಲೆಯ ಮೇಡಂ. ತೊಂಡೇಬಾವಿಯಲ್ಲಿ ಮನೆ, ಗೌರಿಬಿದನೂರಿನಲ್ಲಿ ಕೆಲಸ, ಮಕ್ಕಳಿಗೆ ಹೇಳಿಕೊಡುವುದು ವಿಜ್ಞಾನ. "ಮೂರು ಜನದ್ದು ನಾನು ನಂಬಲ್ಲಪ್ಪ" ಎನ್ನುತ್ತಾಳೆ, ಆಮೇಲೆ ತಾನೇ ನಾಲ್ಕನೆಯವರಿಗಾಗಿ ಹುಡುಕುತ್ತಾಳೆ. ಕಲ್ಕತ್ತೆಯಲ್ಲಿ ಅವಳ ಮಗಳ ಕ್ಯಾಮೆರಾ ನನ್ನ ಕೊರಳಲ್ಲಿತ್ತು. ಅದರ ಮೇಲೆ ಸ್ವೆಟರ್ ಹಾಕಿ ಗುಂಡಿ ಬಿಗಿದಿದ್ದೆ. ನನಗೂ ಹೊಟ್ಟೆ ಬಂದ ಹಾಗೆ ಕಾಣುತ್ತಿತ್ತು. ಪರವೂರಿನವರ ಕೈಗೆ ಕ್ಯಾಮೆರಾ ಕೊಡುವ ಮಾತೇ ಇರಲಿಲ್ಲ. ಮೂರು ಕಾಲಿನ ಪುಟ್ಟ ಸ್ಟ್ಯಾಂಡಿನ ಮೇಲೆ ಇಟ್ಟು, ಟೈಮರ್ ಒತ್ತಿ, ಓಡಿಬಂದು ನಿಲ್ಲುತ್ತಿದ್ದೆ. ಆದರೂ ಆ ನಡುವೆ ಯಾರಾದರೂ ಎತ್ತಿಕೊಂಡು ಓಡಿದರೆ? ಅದಕ್ಕೇ ನಾಲ್ಕನೆಯವರಾಗಿ ಓಡಲಾರದವರನ್ನೇ ಆರಿಸುತ್ತಿದ್ದೆ. ಮುದುಕ, ಬಸುರಿ, ಕಾಲು ಮುರಿದವನು. "ಪಾಪ ಕಣೇ, ಅವರಿಗೆ ಯಾಕೆ ತೊಂದರೆ ಕೊಡ್ತೀಯ?" ಎಂದು ತಂಗಿ ನಾಚಿಕೆಪಡುತ್ತಿದ್ದಳು. ಆ ಮುದುಕ ಮಾತ್ರ ಖುಷಿಯಾಗಿ ಟೋಪಿ ಸರಿಮಾಡಿಕೊಂಡು ಎದೆ ಸೆಟೆಸಿ ನಿಂತ. ಅವನ ಖುಷಿಯೂ ನನಗೆ ಸರಿಕಾಣಲಿಲ್ಲ.

ನಿಜ ಹೇಳಬೇಕೆಂದರೆ ಆ ಊರಿನವರಿಗಿಂತ ಹೆಚ್ಚಾಗಿ ನಾನು ಕಾವಲು ಕಾದದ್ದು ನನ್ನ ಒಡಹುಟ್ಟಿದವರನ್ನೇ. ಅಕ್ಕ ರೈಲಿನಲ್ಲಿ ಕಿಟಕಿಯ ಸೀಟು ನನಗೆ ಬಿಟ್ಟುಕೊಟ್ಟಳು. ಹುಟ್ಟಿದಾಗಿನಿಂದ ಅವಳು ನನಗೆ ಬಿಟ್ಟುಕೊಟ್ಟ ಮೊದಲ ಕಿಟಕಿ ಅದು. ಟ್ರಾಮಿನಲ್ಲಿ ಹೋಗೋಣವೋ ಟ್ಯಾಕ್ಸಿಯಲ್ಲೋ ಎಂದರೆ, "ನೀನು ಹೇಳ್ದಂಗೆ ಮಾಡಣ" ಎಂದಳು. ಅವಳ ಕೈಚೀಲವನ್ನು ಯಾವಾಗಲೂ ತಂಗಿಯೇ ಹೊರುತ್ತಿದ್ದಳು. ಒಂದು ಮಧ್ಯಾಹ್ನ ನಾನು ಟೀ ತರಲು ಹೋಗಿ ರೂಮಿಗೆ ಮರಳಿದಾಗ ಇಬ್ಬರ ಮಾತೂ ಗಕ್ಕನೆ ನಿಂತಿತು. "ಈ ಕರ್ಟನ್ ಬಟ್ಟೆ ಎಷ್ಟು ಚೆನ್ನಾಗೈತಲ್ವಾ" ಎಂದಳು ತಂಗಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಇವಳು ಯಾರೂ ಏನೂ ಅನ್ನುವ ಮೊದಲೇ ಮುಟ್ಟಿಕೊಂಡಳು. ಅಕ್ಕನ ಕಾಯಿಲೆ ಮತ್ತೆ ಬಂದಿದೆ, ನನ್ನೊಬ್ಬಳಿಂದ ಮುಚ್ಚಿಟ್ಟಿದ್ದಾರೆ ಎಂದು ನನಗೆ ಆಗಲೇ ಮುಕ್ಕಾಲು ಗೊತ್ತಾಯಿತು. ಕೇಳುವ ಧೈರ್ಯ ಬರಲಿಲ್ಲ. ಸಿಟ್ಟು ಮಾತ್ರ ಬಂತು. ಆ ಸಿಟ್ಟನ್ನು ಟ್ಯಾಕ್ಸಿಯವನ ಮೇಲೆ, ಹೋಟೆಲಿನವನ ಮೇಲೆ, ಸಾಸಿವೆ ಎಣ್ಣೆಯ ವಾಸನೆಯ ಮೇಲೆ ತೀರಿಸಿಕೊಂಡೆ.

ಹೂವಿನ ಮಾರ್ಕೆಟ್ಟಿಗೆ ಹೋದದ್ದು ಕೊನೆಯ ದಿನ ಬೆಳಿಗ್ಗೆ. ಮಂಜಿನಲ್ಲಿ ಸೇತುವೆಯ ಮೇಲ್ಭಾಗ ಕಾಣುತ್ತಿರಲಿಲ್ಲ. ಕೆಳಗೆ ಗಂಡಸರು ಚೆಂಡುಹೂವಿನ ಹಾರಗಳನ್ನು ಹಗ್ಗದಂತೆ ಸುತ್ತಿ ಹೆಗಲ ಮೇಲೆ ಹೇರಿಕೊಂಡು ಓಡುತ್ತಿದ್ದರು. ಕಾಲ ಕೆಳಗೆ ಕೊಳೆತ ಎಲೆ, ಕೆಸರು. ಅಕ್ಕ ಒಬ್ಬ ವ್ಯಾಪಾರಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಸೇವಂತಿಗೆಯ ತೊಟ್ಟು ಹಿಸುಕಿ, "ನಿನ್ನೆ ಕಿತ್ತಿದ್ದು" ಎಂದಳು. ಅವನು ಬಂಗಾಳಿಯಲ್ಲಿ ಏನೋ ವಾದಿಸಿದ. ಇವಳು ಕನ್ನಡದಲ್ಲಿ ಬೈದಳು. ಇಬ್ಬರೂ ನಕ್ಕರು. ಅಷ್ಟು ದಿನದಲ್ಲಿ ಅವಳು ನಮ್ಮ ಅಕ್ಕನ ಹಾಗೆ ಕಂಡದ್ದು ಆಗ ಮಾತ್ರ. ಆ ಸಲುಗೆಯಲ್ಲಿ ನಾನು ಸುಮ್ಮನೆ ಕೇಳಿದೆ.

"ಯುಗಾದಿ ಹೂವಿಗೆ ಸಸಿ ಹಾಕ್ಸಿದ್ಯಾ ಅಕ್ಕ?"

"ಇಲ್ಲ ಕಣೇ. ಈ ಸಲ ನಾಟಿ ಬೇಡ ಅಂದೆ."

ಗಂಡನ ತಿಥಿಯ ದಿನವೂ ತೋಟಕ್ಕೆ ನೀರು ಬಿಟ್ಟವಳು. ನನ್ನ ಅನುಮಾನಕ್ಕೆ ಇನ್ನೇನೂ ಬೇಕಾಗಿರಲಿಲ್ಲ.

"ಮತ್ತೆ ಬಂದೈತೆ ಅಲ್ವಾ?" ಎಂದೆ.

ತಂಗಿ ಮುಖ ತಿರುಗಿಸಿಕೊಂಡಳು. ಅಕ್ಕ ಮೊಣಕಾಲು ಹಿಡಿದು ಎದ್ದಳು. "ಹೂಂ. ಈ ಸಲ ಈರಲಿಗೆ, ಲಿವರ್ ಅಂತಾರಲ್ಲ ಅದಕ್ಕೆ. ಊರಿಗೆ ಹೋದ್ಮೇಲೆ ಹೇಳಣ ಅಂತಿದ್ದೆ. ಮೊದಲೇ ಹೇಳಿದ್ರೆ ನೀನು ಟೂರ್ ಪೂರ್ತಿ ನನ್ನ ಮುಖಾನೇ ನೋಡ್ಕೊಂಡಿರ್ತಿದ್ದೆ."

"ಈಗಿನ್ನೇನು ನೋಡ್ದೆ ನಾನು? ಗುಮ್ಮಟ ನೋಡಿದ್ನಾ?" ಎಂದು ಕಿರುಚಿದೆ. ಹಾರ ಹೊತ್ತವನೊಬ್ಬ ನಿಂತು ನೋಡಿ ಮುಂದೆ ಹೋದ. ನನಗೆ ಅಳು ಬಂತು. ಅವರ ಮೇಲೆ ಕೋಪ, ಅವರಿಬ್ಬರೇ ಅದನ್ನು ಇಷ್ಟು ದಿನ ಹೊತ್ತರಲ್ಲ ಎಂಬ ಹೊಟ್ಟೆಕಿಚ್ಚು, ಎಲ್ಲಾ ಒಟ್ಟಿಗೆ ಬಂತು. ಅಕ್ಕ ಸೆರಗಿನಿಂದ ನನ್ನ ಮೂಗು ಒರೆಸಿದಳು. ಆಮೇಲೆ ನನ್ನ ಸ್ವೆಟರಿನ ಗುಂಡಿ ಬಿಚ್ಚಿ, ಕೊರಳಿಂದ ಕ್ಯಾಮೆರಾ ತೆಗೆದು ಆ ಹೂವಿನವನ ಕೈಗೆ ಕೊಟ್ಟುಬಿಟ್ಟಳು. ಅವನಿಗೆ ಎರಡು ಗಟ್ಟಿ ಕಾಲುಗಳಿದ್ದವು.

"ನಾಲ್ಕನೆಯವರು ಬೇಡ್ವಾ?" ಎಂದಳು ತಂಗಿ.

"ಬೇಡ. ನಮ್ಮ ಮೂರು ಜನದ್ದೇ ಒಂದು ಇಲ್ವಲ್ಲೇ ಇಷ್ಟು ವಯಸ್ಸಾದ್ರೂ. ಒಂದಾದ್ರೂ ಇರ್ಲಿ" ಎಂದು ಅಕ್ಕ ಬಂದು ನಮ್ಮಿಬ್ಬರ ನಡುವೆ ನಿಂತಳು. ಬೇಕೆಂದೇ ನಿಂತಳು.

ನಾನು ಅವಳ ಭುಜ ಹಿಡಿದು ಪಕ್ಕಕ್ಕೆ ತಳ್ಳಿ ನಡುವೆ ಬಂದೆ. "ಸರಿಯೇ ಆಚೆಗೆ" ಎಂದು ಅವಳು ನನ್ನ ಪಕ್ಕೆಗೆ ತಿವಿದಳು. ಅಷ್ಟರಲ್ಲಿ ವಿಜ್ಞಾನದ ಮೇಡಂ ನಮ್ಮಿಬ್ಬರ ಮಧ್ಯೆ ತಲೆ ತೂರಿಸಿದಳು. ಅವಳ ಜಡೆ ಹಿಡಿದು ನಾನು ಎಳೆದೆ. ಅಕ್ಕ ನನ್ನ ಸೆರಗು ತುಳಿದಳು. ಮೂರು ಮುದುಕಿಯರು ಕೆಸರಿನಲ್ಲಿ ಮಕ್ಕಳ ಹಾಗೆ ತಳ್ಳಾಡುತ್ತಿದ್ದಾಗ ಹೂವಿನವನು ಕ್ಲಿಕ್ ಮಾಡಿಬಿಟ್ಟ.

ನಾನು ಓಡಿಹೋಗಿ ಕ್ಯಾಮೆರಾ ಕಿತ್ತುಕೊಂಡೆ. ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ. ಏನೂ ಆಗಿರಲಿಲ್ಲ. ಫೋಟೋ ಮಾತ್ರ ಕೆಟ್ಟಿತ್ತು. ಎಲ್ಲರೂ ಅಲ್ಲಾಡಿ, ಒಬ್ಬಳ ಮುಖದ ಮೇಲೆ ಇನ್ನೊಬ್ಬಳ ಮೊಣಕೈ. ಯಾರು ನಡುವೆ, ಯಾರು ಪಕ್ಕದಲ್ಲಿ ಎಂದು ಹೇಳುವಂತೆಯೇ ಇರಲಿಲ್ಲ. ಹೂವಿನವನು ಇನ್ನೊಂದು ತೆಗೆಯುತ್ತೇನೆ ಎಂದು ಬೆರಳೆತ್ತಿದ.

ಅಕ್ಕ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ ನಕ್ಕಳು. "ಇದೇ ಇರ್ಲಿ ಬಿಡೇ. ಬರೋನಿಗೆ ಯಾರನ್ನ ಕರ್ಕೊಂಡು ಹೋಗ್ಬೇಕು ಅಂತ ಗೊತ್ತಾಗಬಾರ್ದು."